ಮನೆ ಕೊಡಿಸುತ್ತೇನೆ ಅನ್ನುವವರಿಗೆ ಒಂದು ರೂಪಾಯಿಯೂ ಬೇಡ

ಪ್ರಶ್ನೆ: ಹೊಸನಗರ ತಾಲ್ಲೂಕಿನಲ್ಲಿ ಸರ್ಕಾರಿ ಜಾಗದಲ್ಲಿ ಇಪ್ಪತ್ತು ವರ್ಷದಿಂದ ಇದ್ದೇವೆ. ಹಕ್ಕುಪತ್ರ ಇಲ್ಲ. ರಾಜ್ಯ ಸರ್ಕಾರದ ಬಸವ ವಸತಿ ಯೋಜನೆಯ ಪಟ್ಟಿಗೆ ಹೆಸರು ಸೇರಿಸಲು ಒಬ್ಬರು 15 ಸಾವಿರ ಕೇಳುತ್ತಿದ್ದಾರೆ. ಕೊಡಬಹುದಾ?

ಉತ್ತರ: ಕೊಡಬೇಡಿ. ಪ್ರತಿ ವರ್ಷ ಇದೇ ಪ್ರಶ್ನೆ ಬರುತ್ತದೆ. ಉತ್ತರ ಓದುವಷ್ಟರಲ್ಲಿ ಯಾರೋ ಒಬ್ಬರು ದುಡ್ಡು ಕೊಟ್ಟಾಗಿರುತ್ತದೆ. ನನಗೆ ಸಿಟ್ಟು ಬರುವುದು ಅದಕ್ಕೇ. ಫಲಾನುಭವಿಗಳನ್ನು ಆರಿಸುವುದು ಗ್ರಾಮಸಭೆ. ಹಣ ಹಂತ ಹಂತವಾಗಿ ನಿಮ್ಮ ಬ್ಯಾಂಕ್ ಖಾತೆಗೇ ಬರುತ್ತದೆ. ನಡುವೆ ಮೂರನೆಯವರಿಗೆ ಏನು ಕೆಲಸ?

ನಿಮ್ಮ ತೊಡಕು ಇರುವುದು ಜಾಗದಲ್ಲಿ. ಮೊದಲು ಪಹಣಿ ತೆಗೆಸಿ ನೋಡಿ. ಕಂದಾಯ ಭೂಮಿ ಆಗಿದ್ದರೆ, ಸರ್ಕಾರಿ ಜಾಗದಲ್ಲಿ ಕಟ್ಟಿದ ಮನೆ ಸಕ್ರಮ ಮಾಡುವ ಭೂಕಂದಾಯ ಕಾಯ್ದೆಯ 94ಸಿ ಅಡಿ ತಹಶೀಲ್ದಾರರಿಗೆ ಅರ್ಜಿ ಕೊಡಿ. ಅವಧಿ ಮುಗಿದಿದೆ ಎಂದು ಬಾಯಲ್ಲಿ ಹೇಳಿದರೆ ಸುಮ್ನೆ ಎದ್ದು ಬರಬೇಡಿ, ಹಿಂಬರಹ, ಅಂದರೆ ಬರೆದ ಉತ್ತರ ಕೇಳಿ. ಅರಣ್ಯ ಎಂದಿದ್ದರೆ 94ಸಿ ನಡೆಯುವುದಿಲ್ಲ. ಆಗ ಉಳಿಯುವುದು 2006ರ ಅರಣ್ಯ ಹಕ್ಕು ಕಾಯ್ದೆ. ಅದರಲ್ಲಿ ಬುಡಕಟ್ಟಿನವರಲ್ಲದವರು ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸ ತೋರಿಸಬೇಕು. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ್ದು 1964ರಲ್ಲಿ. ಊರು ಮುಳುಗಿ ಕಾಡಂಚಿಗೆ ಬಂದ ಕುಟುಂಬ 75 ವರ್ಷ ಎಲ್ಲಿಂದ ತರಬೇಕು? ಸರ್ಕಾರವೇ ಎಬ್ಬಿಸಿದ ಜನಕ್ಕೆ ಸರ್ಕಾರವೇ ತನ್ನ ಖರ್ಚಿನಲ್ಲಿ ನಿವೇಶನ, ಮನೆ, ಹಕ್ಕುಪತ್ರ ಕೊಡಬೇಕು. ಅದು ದಾನ ಅಲ್ಲ, ಬಾಕಿ.

ಇನ್ನೊಂದು ಮಾತು. ಮನೆ ಕಟ್ಟಲು ಶುರು ಮಾಡಿ ಎನ್ನುವ ಕಾರ್ಯಾದೇಶ ಕೈಗೆ ಬರುವ ಮುಂಚೆ ಹಳೆ ಮನೆ ಕೆಡವಬೇಡಿ. ಬಂದರೂ, ಯುಗಾದಿ ದಾಟಿದ ಮೇಲೆ ಕೆಡವಿ ಎಂದು ನಾನಂತೂ ಹೇಳುವುದಿಲ್ಲ. ಕಂತು ತಡವಾಗುತ್ತದೆ, ಜೂನ್‌ನಲ್ಲಿ ಮಳೆ ಹಿಡಿಯುತ್ತದೆ, ಮನೆ ಇದ್ದವರು ಟಾರ್ಪಾಲಿನ ಕೆಳಗೆ ಬರುತ್ತಾರೆ. ಕೇಂದ್ರದ ಗ್ರಾಮೀಣ ಆವಾಸ್ ಯೋಜನೆ 2016ರಲ್ಲಿ ಒಂದು ಮನೆಗೆ ಬಯಲಿಗೆ 1.20 ಲಕ್ಷ, ಗುಡ್ಡಗಾಡಿಗೆ 1.30 ಲಕ್ಷ ಇಟ್ಟಿತು. ಹತ್ತು ಸಾವಿರ ಜಾಸ್ತಿ ಕೊಟ್ಟರೆ ಆಗುಂಬೆ ಸೀಮೆಯ ಮಳೆಗೆ ನಿಲ್ಲುವ ಅಡಿಪಾಯ ಆಗುತ್ತದಾ? ಉಳಿದದ್ದಕ್ಕೆ ವಾರದ ಸಾಲ. ಆ ಸಾಲ ತೀರಿಸಲಾಗದೆ ಊರು ಬಿಟ್ಟವರಿದ್ದಾರೆ. ಕಂತು ಬೇಸಿಗೆಯಲ್ಲೇ ಬರಬೇಕು, ಪೂರ್ತಿ ಖರ್ಚಿಗೆ ಸಾಕಾಗಬೇಕು ಎಂದು ಗ್ರಾಮಸಭೆಯಲ್ಲಿ ನಿರ್ಣಯ ಬರೆಸಿ.

ಪ್ರಶ್ನೆ: ಪುಕ್ಕಟೆ ಮನೆ ಕೊಟ್ಟರೆ ಜನ ಸೋಮಾರಿಗಳಾಗುವುದಿಲ್ಲವೇ?

ಉತ್ತರ: ಇಲ್ಲ. ಬಂಗಾರಪ್ಪನವರ ಕಾಲದ ಆಶ್ರಯ ಮನೆಗಳಿರುವ ಯಾವ ಕೇರಿಗಾದರೂ ಬೆಳಗ್ಗೆ ಒಂಬತ್ತಕ್ಕೆ ಹೋಗಿ, ಎಲ್ಲರೂ ಕೂಲಿಗೆ ಹೋಗಿ ಎಷ್ಟು ಬಾಗಿಲಿಗೆ ಬೀಗ ಬಿದ್ದಿದೆ ನೋಡಿ.

ಪ್ರಶ್ನೆ: ಶಿವಮೊಗ್ಗ ಬಸ್ ನಿಲ್ದಾಣದಲ್ಲಿ ಮಲಗುವವರನ್ನು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಕಳಿಸಬಹುದು ಅಲ್ವಾ?

ಉತ್ತರ: ಆ ಕೇಂದ್ರಗಳಿರುವುದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ. ಹಗಲಿಡೀ ಹಮಾಲಿ ಮಾಡಿ ಬಂದು ಮಲಗಿದವರು ಭಿಕ್ಷುಕರಾ? ಅವರಿಗೆ ಬೇಕಿರುವುದು ತಂಗುದಾಣ. ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ನೂರು ಜನ ತಂಗುವ ಒಂದು ಕೇಂದ್ರ ಇರಬೇಕು ಎಂಬುದು ನಿಯಮ. 2011ರ ಜನಗಣತಿಯಲ್ಲೇ ಶಿವಮೊಗ್ಗ ಮೂರು ಲಕ್ಷ ದಾಟಿದೆ. ಮೂರು ಕೇಂದ್ರ ಎಲ್ಲಿವೆ ಎಂದು ಪಾಲಿಕೆಯಲ್ಲಿ ಕೇಳಿ.

ಪ್ರಶ್ನೆ: ಮಳೆಗೆ ಗೋಡೆ ಬಿದ್ದರೆ ಪರಿಹಾರಕ್ಕೆ ಏನು ಮಾಡಬೇಕು?

ಉತ್ತರ: ಮಣ್ಣು ತೆಗೆಯುವ ಮುಂಚೆ ಫೋಟೊ ತೆಗೆಯಿರಿ. ಅದೇ ದಿನ ಗ್ರಾಮ ಆಡಳಿತಾಧಿಕಾರಿಗೆ ಬರೆದು ಕೊಡಿ.