ಒಂದೇ ದಿನಕ್ಕೆ ಬ್ರೈಟನ್, ಈಸ್ಟ್‌ಬೋರ್ನ್ ಎರಡೂ ಆಗುತ್ತಾ?

ಕೋಲಾರದಿಂದ ಬಂದು ಲಂಡನ್‌ನಲ್ಲಿ ಓದುತ್ತಿರುವ ನೀವು ಗೆಳತಿ ಜೊತೆ ಒಂದೇ ದಿನದಲ್ಲಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಈ ಎರಡೂ ಊರು ನೋಡಬಹುದಾ ಅಂತ ಕೇಳಿದ್ದೀರಿ. ಆಗುತ್ತೆ, ಬೆಳಿಗ್ಗೆ ಬೇಗ ಹೊರಡಬೇಕು ಅಷ್ಟೇ. ನಾನೂ ಕೋಲಾರದವನೇ, ಲಂಡನ್‌ನಲ್ಲಿ ಓದುವಾಗ ಹೋಗಿದ್ದೆ. ವಿಕ್ಟೋರಿಯಾ ಸ್ಟೇಷನ್‌ನಿಂದ ಬ್ರೈಟನ್‌ಗೆ ರೈಲಿನಲ್ಲಿ ಸುಮಾರು 1 ಗಂಟೆ. ಶನಿವಾರ ಹೋಗಿ, ಸ್ಟೂಡೆಂಟ್ ವಯಸ್ಸಿನವರ ರೈಲ್‌ಕಾರ್ಡ್ ಇದ್ದರೆ ಟಿಕೆಟ್‌ನಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ.

ಬೀಚ್ ಅಂದ್ರೆ ಮರಳು ಅಂದ್ಕೊಂಡಿದ್ದೀರಾ? ಬರೀ ದುಂಡು ಕಲ್ಲು. ನಮ್ಮ ಕೋಲಾರದ ಅಂತರಗಂಗೆ ಬೆಟ್ಟ ಹತ್ತಿ ಪಳಗಿದ ನನ್ನ ಕಾಲೇ ಚಪ್ಪಲಿಯಲ್ಲಿ ಸೋತಿತ್ತು, ಶೂ ಹಾಕ್ಕೊಳ್ಳಿ. 1899ರಲ್ಲಿ ಶುರುವಾದ ಪಿಯರ್ (ಸಮುದ್ರದೊಳಕ್ಕೆ ಚಾಚಿರುವ ಕಟ್ಟೆ) ಮೇಲೆ ಚಿಪ್ಸ್ ತಿನ್ನುವಾಗ ಹುಷಾರು, ಒಂದು ಸೀಗಲ್ ಹಕ್ಕಿ ನನ್ನ ಕೈಯಿಂದಲೇ ಪೊಟ್ಟಣ ಕಿತ್ಕೊಂಡು ಹೋಯ್ತು.

ಅಲ್ಲಿಂದ ಈಸ್ಟ್‌ಬೋರ್ನ್‌ಗೆ ಹೋಗುವ 12ನೇ ನಂಬರ್ ಬಸ್ಸಿನ ಮೇಲ್ಮಹಡಿಯಲ್ಲಿ ಬಲಗಡೆ ಕೂತ್ಕೊಳ್ಳಿ, ಸಮುದ್ರ ಆ ಕಡೆಗೇ. ದಾರಿಯಲ್ಲಿ ಇಳಿದು ನಡೆದರೆ ಸೆವೆನ್ ಸಿಸ್ಟರ್ಸ್ ಅನ್ನೋ ಬಿಳಿ ಸುಣ್ಣಕಲ್ಲಿನ ಕಡಿದಾದ ಬಂಡೆಗಳು ಸಿಗುತ್ತವೆ. ಫೋಟೋಗೆ ಅಂತ ಅಂಚಿಗೆ ಮಾತ್ರ ಹೋಗಬೇಡಿ, ಕುಸಿಯುತ್ತೆ.