ಎಲುಬು ಮೂಡುವ ಮೊದಲೇ ರಕ್ತ

ಆತ್ಮೀಯ ಸೋದರಿ,

ಅಂಕೋಲೆಯ ಹತ್ತಿರದಿಂದ ನೀವು ಬರೆದ ಪತ್ರ ಕಾರವಾರದ ನಮ್ಮ ಕಚೇರಿಗೆ ತಲುಪಿದೆ. ಕಾವಿಗೆ ಕೂರಿಸಿದ ಮೊಟ್ಟೆಯನ್ನು ನಾಲ್ಕನೆಯ ರಾತ್ರಿ ಕತ್ತಲೆ ಕೋಣೆಯಲ್ಲಿ ಟಾರ್ಚಿಗೆ ಹಿಡಿದು ನೋಡಿದಿರಿ. ಒಳಗೆ ಜೇಡನ ಕಾಲುಗಳಂತೆ ಹರಡಿದ ಕೆಂಪು ಎಳೆಗಳು. 'ರಕ್ತಕಣಗಳು ಹುಟ್ಟುವುದು ಮೂಳೆಯ ಮಜ್ಜೆಯಲ್ಲಿ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಎಲುಬೇ ಇಲ್ಲದ ಮರಿಗೆ ಈ ರಕ್ತ ಎಲ್ಲಿಂದ ಬಂತು?' ಎಂದು ಕೇಳಿದ್ದೀರಿ.

ತಪ್ಪು ನಮ್ಮದೇ. ಆ ಮಾತು ದೊಡ್ಡವರ ದೇಹಕ್ಕೆ ಸರಿ, ಭ್ರೂಣಕ್ಕೆ ಸಲ್ಲದು.

ನೀವು ಕಂಡ ಮೊದಲ ರಕ್ತ ಹುಟ್ಟಿದ್ದು ಹಳದಿಯನ್ನು ಸುತ್ತುವ ಪೊರೆಯಲ್ಲಿ. ಅಲ್ಲಿ ಕೋಶಗಳು ಸಣ್ಣ ಸಣ್ಣ ಗುಂಪುಗಟ್ಟುತ್ತವೆ. ಗುಂಪಿನ ಹೊರಗಿನವು ನಾಳದ ಗೋಡೆಯಾಗುತ್ತವೆ, ಒಳಗಿನವು ರಕ್ತಕಣಗಳಾಗುತ್ತವೆ. ಅಮೆರಿಕದ ವಿಜ್ಞಾನಿ ಫ್ಲಾರೆನ್ಸ್ ಸೇಬಿನ್ ಕಾವಿನ ಎರಡನೆಯ ದಿನದ ಜೀವಂತ ಕೋಳಿ ಭ್ರೂಣವನ್ನು ಸೂಕ್ಷ್ಮದರ್ಶಕದಡಿ ಕಾದು ನೋಡಿ, ನಾಳವೂ ರಕ್ತವೂ ಮೂಡುವ ಬಗೆಯನ್ನು 1920ರಲ್ಲಿ ಬರೆದಿಟ್ಟರು. ನೀವು ಟಾರ್ಚ್ ಹಿಡಿದು ನಿಂತದ್ದು ಅದೇ ಕುತೂಹಲದಿಂದ.

ಆದರೆ ಈ ಮೊದಲ ರಕ್ತ ಕೆಲವು ಕಾಲದ್ದು. ಬಾಳಿನುದ್ದಕ್ಕೂ ರಕ್ತ ಒದಗಿಸುವ ಆಕರಕೋಶಗಳು ಭ್ರೂಣದ ಮಹಾಪಧಮನಿಯ, ಎಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ, ಗೋಡೆಯಿಂದಲೇ ಹುಟ್ಟುತ್ತವೆ. ಮನುಷ್ಯರಲ್ಲಿ ಇದು ಶುರುವಾಗುವುದು ಸುಮಾರು 27ನೆಯ ದಿನಕ್ಕೆ, ಹೊಟ್ಟೆಯ ಕಡೆಗಿರುವ ಗೋಡೆಯಲ್ಲಿ. ಅಲ್ಲಿ ಚಪ್ಪಟೆಯಾಗಿ ಹಾಸಿಕೊಂಡ ಕೋಶವೊಂದು ಉಬ್ಬುತ್ತದೆ, ದುಂಡಗಾಗುತ್ತದೆ, ಅಕ್ಕಪಕ್ಕದವುಗಳ ಹಿಡಿತ ಬಿಡಿಸಿಕೊಂಡು ರಕ್ತಕೋಶವಾಗಿ ಹೊರಡುತ್ತದೆ. ಗಂಗಾವಳಿಯ ದಂಡೆಯ ಕಲ್ಲೊಂದು ಎದ್ದು ತಾನೇ ನೀರಾಗಿ ಹರಿದಂತೆ! ಮೈ ಪಾರದರ್ಶಕವಾದ ಜೀಬ್ರಾ ಮೀನಿನ ಭ್ರೂಣದಲ್ಲಿ ವಿಜ್ಞಾನಿಗಳು 2010ರಲ್ಲಿ ಇದನ್ನು ಕಣ್ಣಾರೆ ಕಂಡು ಚಿತ್ರೀಕರಿಸಿದರು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಅದಕ್ಕೂ ಒಂದು ವರ್ಷ ಹಿಂದಿನ ಸಂಶೋಧನೆ. ಹೃದಯ ಬಡಿಯದ ಮೀನಿನ ಭ್ರೂಣಗಳಲ್ಲಿ ಈ ಆಕರಕೋಶಗಳು ತೀರ ಕಡಿಮೆ ಇದ್ದವು. ನಾಳದ ಗೋಡೆ ಹರಿವಿನ ಒತ್ತಡಕ್ಕೆ ಬಿಡುಗಡೆ ಮಾಡುವ ನೈಟ್ರಿಕ್ ಆಕ್ಸೈಡನ್ನು ಹೊರಗಿನಿಂದ ಒದಗಿಸಿದಾಗ ಅವುಗಳ ಸಂಖ್ಯೆ ಏರಿತು. ಎಂದರೆ, ಹರಿಯುವ ರಕ್ತವೇ ಗೋಡೆಯನ್ನು ತೀಡಿ ತೀಡಿ ಮುಂದಿನ ರಕ್ತಕ್ಕೆ ದಾರಿ ಮಾಡಿಕೊಡುತ್ತದೆ.

ಮನುಷ್ಯರಲ್ಲಿ ಹೀಗೆ ಹೊರಟ ಕೋಶಗಳು ಮೊದಲು ಯಕೃತ್ತಿನಲ್ಲಿ ನೆಲೆಸಿ ಬೆಳೆಯುತ್ತವೆ, ಆಮೇಲೆ ಮಜ್ಜೆಗೆ ಹೋಗುತ್ತವೆ. ಹೊಂದುವ ದಾನಿ ಸಿಗದೆ ಕಾಯುತ್ತಿರುವ ರಕ್ತ ಕ್ಯಾನ್ಸರ್ ರೋಗಿಗಳಿಗಾಗಿ ಇಂಥ ಆಕರಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಹೆಣಗುವವರಿಗೆ ಆ ಗೋಡೆಯೇ ಪಾಠಶಾಲೆ.

ತಿದ್ದುಪಡಿಯ ಜೊತೆ ನಿಮ್ಮ ಪತ್ರವನ್ನೂ ಈ ಸಂಚಿಕೆಯಲ್ಲೇ ಅಚ್ಚು ಹಾಕುತ್ತಿದ್ದೇವೆ. ಮೊಟ್ಟೆಯನ್ನು ಮತ್ತೆ ನೋಡುವುದಿದ್ದರೆ ಹೆಚ್ಚು ಹೊತ್ತು ಹೊರಗಿಡಬೇಡಿ, ತಣ್ಣಗಾಗುವ ಮೊದಲೇ ಕೋಳಿಯ ಕೆಳಗೆ ಸೇರಿಸಿ. 21ನೆಯ ದಿನ ಮರಿ ಹೊರಬಂದರೆ ನಮಗೂ ತಿಳಿಸಿ.

ಸಂಪಾದಕ