ನೈರೋಬಿಗೆ ಬರುವ ಮುಂಚೆ: ಕೀನ್ಯಾದ ರಾಜಕೀಯದ ಬಗ್ಗೆ ನೀವು ಕೇಳಿದ್ದಕ್ಕೆ

ನಮಸ್ಕಾರ. ಧಾರವಾಡದಿಂದ ನೀವು ಬರೆದದ್ದು ಓದಿದೆ. ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಫ್ಯಾಕ್ಟರಿಯೊಂದರಲ್ಲಿ ಅಕೌಂಟ್ಸ್ ಕೆಲಸ ಸಿಕ್ಕಿದೆ. ಟಿವಿಯಲ್ಲಿ ನೋಡಿದರೆ ಅಶ್ರುವಾಯು, ಬೆಂಕಿ, ಪಾರ್ಲಿಮೆಂಟಿಗೆ ನುಗ್ಗಿದ ಹುಡುಗರು. 2027ರಲ್ಲಿ ಚುನಾವಣೆ ಬೇರೆ ಇದೆ. ಹೆಂಡತಿ, ಮೂರು ವರ್ಷದ ಮಗಳನ್ನು ಕರೆದುಕೊಂಡು ಬರಬಹುದಾ ಅಕ್ಕಾ ಅಂತ ಕೇಳಿದ್ದೀರಿ. ಕೊನೆಗೆ ಇನ್ನೊಂದು ಮಾತು ಸೇರಿಸಿದ್ದೀರಿ: "ಅಲ್ಲಿ ಪ್ರಜಾಪ್ರಭುತ್ವ ಬರೀ ಹೆಸರಿಗೆ ಅಂತ ನಮ್ಮ ಮಾವ ಹೇಳ್ತಾರೆ, ಹೌದಾ?"

ಕರೆದುಕೊಂಡು ಬನ್ನಿ. ಅದು ಮೊದಲ ಪ್ರಶ್ನೆಗೆ ಉತ್ತರ. ಎರಡನೆಯದಕ್ಕೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಇಲ್ಲಿಗೆ ಬರುವ ನಮ್ಮವರು ಬಾಡಿಗೆ ಕೇಳುತ್ತಾರೆ, ಸ್ಕೂಲು ಕೇಳುತ್ತಾರೆ, ಈ ದೇಶದ ಜನ ಏನೇನು ಅನುಭವಿಸಿ ಇಲ್ಲಿಗೆ ಮುಟ್ಟಿದ್ದಾರೆ ಅಂತ ಕೇಳುವವರು ಕಮ್ಮಿ. ನೀವು ಅನುಮಾನದಿಂದಲೇ ಕೇಳಿರಬಹುದು. ಆದರೂ ಕೇಳಿದಿರಲ್ಲ, ಸಂತೋಷವಾಯಿತು. ನಾನು 2004ರಿಂದ ಇಲ್ಲಿದ್ದೇನೆ, ಈಗ ಇಲ್ಲಿನ ಪೌರಳು, ಇಲ್ಲೇ ವೋಟು ಹಾಕುತ್ತೇನೆ.

ವಲಸೆ ಇಲಾಖೆಯ ಕೆಲಸಕ್ಕೆ ನೀವು ಒಂದಲ್ಲ ಒಂದು ದಿನ ನ್ಯಾಯೊ ಹೌಸ್‌ಗೆ ಹೋಗಲೇಬೇಕು. ಊರ ನಡುವೆ, ಉಹುರು ಹೈವೇ ಪಕ್ಕದಲ್ಲೇ ಇರುವ ಎತ್ತರದ ಕಟ್ಟಡ. ಪಾಸ್‌ಪೋರ್ಟ್ ಹಿಡಿದು ಸಾಲಿನಲ್ಲಿ ನಿಂತಾಗ ಇದೊಂದು ಗೊತ್ತಿರಲಿ: 1980ರ ದಶಕದಲ್ಲಿ ಅದೇ ಕಟ್ಟಡದ ನೆಲಮಾಳಿಗೆಯಲ್ಲಿ ಚಿತ್ರಹಿಂಸೆಯ ಕೋಣೆಗಳಿದ್ದವು. ಅಧ್ಯಕ್ಷ ಡೇನಿಯಲ್ ಅರಾಪ್ ಮೊಯಿ ಅವರ ಕಾಲ. ಲೆಕ್ಚರರ್‌ಗಳು, ವಿದ್ಯಾರ್ಥಿಗಳು, ಪತ್ರಕರ್ತರು, ಸರ್ಕಾರ ಯಾರನ್ನು ಅನುಮಾನಿಸಿತೋ ಅವರನ್ನೆಲ್ಲ ಅಲ್ಲಿಗೆ ತಂದು, ಕೋಣೆಗೆ ನೀರು ಬಿಟ್ಟು ಆ ನೀರಿನಲ್ಲೇ ದಿನಗಟ್ಟಲೆ ಕೂರಿಸುತ್ತಿದ್ದರು. ಮೇಲಿನ ಮಹಡಿಗಳಲ್ಲಿ ಸರ್ಕಾರಿ ಕಚೇರಿಗಳು ಎಂದಿನಂತೆ ನಡೆಯುತ್ತಿದ್ದವು. 2003ರಲ್ಲಿ, ಮೊಯಿ ಇಳಿದ ಮೇಲೆ, ಆ ಕೋಣೆಗಳ ಬಾಗಿಲನ್ನು ಜನರಿಗೆ ತೆರೆದು ತೋರಿಸಿದರು.

ಕೀನ್ಯಾಗೆ ಸ್ವಾತಂತ್ರ್ಯ ಬಂದದ್ದು 1963ರ ಡಿಸೆಂಬರ್‌ನಲ್ಲಿ. ಕೆಲವೇ ವರ್ಷಗಳಲ್ಲಿ ವಿರೋಧ ಪಕ್ಷ ಮಾಯವಾಯಿತು. 1982ರಲ್ಲಿ ಆಳುವ ಪಕ್ಷವಾದ ಕಾನು (KANU) ಬಿಟ್ಟರೆ ಬೇರೆ ಪಕ್ಷವೇ ಇರಕೂಡದು ಅಂತ ಸಂವಿಧಾನಕ್ಕೇ ತಿದ್ದುಪಡಿ ತಂದರು. 1988ರಲ್ಲಿ ಪಕ್ಷದ ಅಭ್ಯರ್ಥಿಗಳನ್ನು ಆರಿಸಲು ಗುಟ್ಟಿನ ಮತದಾನವನ್ನೇ ಬಿಟ್ಟರು. ಯಾರು ಬೇಕೋ ಅವರ ಏಜೆಂಟರ ಹಿಂದೆ ಬಯಲಲ್ಲಿ ಸಾಲಾಗಿ ನಿಲ್ಲಬೇಕು, ಅಧಿಕಾರಿ ತಲೆ ಎಣಿಸುತ್ತಾನೆ. ಉದ್ದನೆಯ ಸಾಲಿನವರು ಸೋತು ಗಿಡ್ಡ ಸಾಲಿನವರು ಗೆದ್ದದ್ದನ್ನು ಕಣ್ಣಾರೆ ಕಂಡವರು ಈಗಲೂ ಇದ್ದಾರೆ. ನಮ್ಮ ಆಫೀಸಿನ ಹಿರಿಯ ಸ್ಟೋರ್‌ಕೀಪರ್ ಒಬ್ಬರು ಆ ದಿನದ ಮಾತು ಬಂದರೆ ಇವತ್ತಿಗೂ ಧ್ವನಿ ತಗ್ಗಿಸುತ್ತಾರೆ. ಆಗ ಟೀ ಅಂಗಡಿಯಲ್ಲೂ ಅಧ್ಯಕ್ಷರ ಹೆಸರೆತ್ತುವ ಮುಂಚೆ ಪಕ್ಕದಲ್ಲಿ ಯಾರಿದ್ದಾರೆ ಅಂತ ನೋಡಿಕೊಳ್ಳಬೇಕಿತ್ತಂತೆ.

ಟಿವಿಯ ಗಲಾಟೆ ನೋಡಿ ನಿಮಗೆ ಭಯವಾಗಿದೆ. ಸಹಜ. ಆದರೆ ಟಿವಿಯಲ್ಲಿ ಏನೂ ಗಲಾಟೆ ಕಾಣದಿದ್ದ ಆ ಕಾಲಕ್ಕೆ ಇಲ್ಲಿನ ಜನ ಇದಕ್ಕಿಂತ ಹತ್ತು ಪಟ್ಟು ಹೆದರಿದ್ದರು.

ಅದು ಒಂದೇ ದಿನದಲ್ಲಿ ಬದಲಾಗಲಿಲ್ಲ. 1989ರಲ್ಲಿ ಉಹುರು ಪಾರ್ಕಿನಲ್ಲಿ ಸರ್ಕಾರ 60 ಮಹಡಿಯ ಗೋಪುರ ಕಟ್ಟಲು ಹೊರಟಾಗ ಪರಿಸರ ಹೋರಾಟಗಾರ್ತಿ ವಂಗಾರಿ ಮಾಥಾಯ್ ಎದುರು ನಿಂತರು. ಪಾರ್ಲಿಮೆಂಟಿನಲ್ಲಿ ಅವರನ್ನು ಬಾಯಿಗೆ ಬಂದಂತೆ ಬೈದರು, ಗೋಪುರ ಮಾತ್ರ ಏಳಲಿಲ್ಲ. 1990ರ ಜುಲೈ 7ರಂದು ಬಹುಪಕ್ಷ ಬೇಕು ಅಂತ ಜನ ಬೀದಿಗಿಳಿದರು, ಪೊಲೀಸರು ಗುಂಡು ಹಾರಿಸಿದರು. 'ಸಬಾ ಸಬಾ', ಅಂದರೆ ಏಳು ಏಳು, ಅಂತ ಆ ದಿನವನ್ನು ಇಂದಿಗೂ ನೆನೆಯುತ್ತಾರೆ. 1992ರಲ್ಲಿ ರಾಜಕೀಯ ಕೈದಿಗಳ ತಾಯಂದಿರು ಅದೇ ಉಹುರು ಪಾರ್ಕಿನ ಒಂದು ಮೂಲೆಯಲ್ಲಿ ಉಪವಾಸ ಕೂತರು. ಪೊಲೀಸರು ಹೊಡೆಯಲು ಬಂದಾಗ ವಯಸ್ಸಾದ ಆ ಹೆಂಗಸರು ಮೈಮೇಲಿನ ಬಟ್ಟೆ ಬಿಚ್ಚಿ ನಿಂತರು. ತಾಯಿ ಹಾಗೆ ನಿಂತರೆ ಅದು ಶಾಪ ಅಂತ ಇಲ್ಲಿನ ನಂಬಿಕೆ. ಆ ಮೂಲೆಗೆ ಫ್ರೀಡಂ ಕಾರ್ನರ್ ಅಂತಲೇ ಹೆಸರು. ಭಾನುವಾರ ಮಗಳನ್ನು ಪಾರ್ಕಿಗೆ ಕರೆದುಕೊಂಡು ಹೋದಾಗ ಹೆಂಡತಿಗೂ ತೋರಿಸಿ.

ಇದರ ನಡುವೆಯೇ, 1991ರ ಕೊನೆಯಲ್ಲಿ, ಏಕಪಕ್ಷದ ಆ ಕಲಮನ್ನು ತೆಗೆದಿದ್ದರು. ಹೊರದೇಶಗಳು ಸಾಲ, ನೆರವು ತಡೆಹಿಡಿದದ್ದೂ ಅದಕ್ಕೆ ಒಂದು ಕಾರಣ. ಆದರೂ 1992, 1997 ಎರಡೂ ಸಲ ಮೊಯಿಯೇ ಗೆದ್ದರು, ವಿರೋಧ ಪಕ್ಷಗಳು ಒಡೆದು ಹೋಳಾಗಿದ್ದವು. ಅವೆಲ್ಲ ಒಂದಾದದ್ದು 2002ರಲ್ಲಿ. ಕಾನು ಸೋತಿತು, ಮ್ವಾಯ್ ಕಿಬಾಕಿ ಅಧ್ಯಕ್ಷರಾದರು. ನಾನು ಬರುವ ಹೊತ್ತಿಗೂ ಆ ಖುಷಿ ಪೂರ್ತಿ ಇಳಿದಿರಲಿಲ್ಲ.

ಅದು ಇಳಿದದ್ದು 2007ರ ಡಿಸೆಂಬರ್‌ನಲ್ಲಿ. ಮತ ಎಣಿಕೆ ಎಳೆದಾಡಿ, 30ನೇ ತಾರೀಕು ಸಂಜೆ ಕಿಬಾಕಿ ಗೆದ್ದರು ಅಂತ ಘೋಷಿಸಿ, ಕತ್ತಲಾಗುವ ಹೊತ್ತಿಗೆ ಗಡಿಬಿಡಿಯಲ್ಲಿ ಪ್ರಮಾಣವಚನ ಮುಗಿಸಿಬಿಟ್ಟರು. ಎದುರಾಳಿ ರೈಲಾ ಒಡಿಂಗಾ ಒಪ್ಪಲಿಲ್ಲ. ಆಮೇಲೆ ನಡೆದದ್ದನ್ನು ನಾನು ಮರೆಯಲಾರೆ. ನಾವು ಪಾರ್ಕ್‌ಲ್ಯಾಂಡ್ಸ್‌ನಲ್ಲಿ ಗೇಟು ಹಾಕಿಕೊಂಡು ಕೂತಿದ್ದೆವು. ಹಾಲಿಲ್ಲ, ಬ್ರೆಡ್ಡಿಲ್ಲ, ಟಿವಿಯಲ್ಲಿ ನೇರಪ್ರಸಾರಕ್ಕೆ ನಿಷೇಧ. ಎಲ್ಡೊರೆಟ್ ಹತ್ತಿರ ಕಿಯಾಂಬಾದಲ್ಲಿ ಚರ್ಚಿನೊಳಗೆ ಆಸರೆ ಪಡೆದಿದ್ದ ಹೆಂಗಸರು ಮಕ್ಕಳಿಗೆ ಬೆಂಕಿ ಹಚ್ಚಿದರು. ಎರಡು ತಿಂಗಳಲ್ಲಿ 1,100ಕ್ಕೂ ಹೆಚ್ಚು ಜನ ಸತ್ತರು, ಲಕ್ಷಗಟ್ಟಲೆ ಜನ ಮನೆ ಬಿಟ್ಟು ಓಡಿದರು. ಪಕ್ಕದ ಮನೆಯವರು ಯಾವ ಬುಡಕಟ್ಟು ಅನ್ನೋದೇ ಸಾವು ಬದುಕಿನ ಪ್ರಶ್ನೆಯಾಗಿಬಿಟ್ಟಿತ್ತು. ವಿಶ್ವಸಂಸ್ಥೆಯ ಮಾಜಿ ಮುಖ್ಯಸ್ಥ ಕೋಫಿ ಅನ್ನಾನ್ ಬಂದು ಕೂತು 2008ರ ಫೆಬ್ರವರಿ 28ಕ್ಕೆ ರಾಜಿ ಮಾಡಿಸಿದರು. ನಿಜಕ್ಕೂ ಯಾರು ಗೆದ್ದಿದ್ದರು ಅಂತ ಹೇಳಲು ಸಾಧ್ಯವೇ ಇಲ್ಲ ಎಂದು ವಿಚಾರಣಾ ಆಯೋಗವೇ ಆಮೇಲೆ ಹೇಳಿತು.

ನಿಮ್ಮ ಮಾವನವರು ಹೇಳುವ ಕೀನ್ಯಾ ಅದೇ ಇರಬೇಕು. ಅಲ್ಲಿಗೇ ನಿಲ್ಲಿಸಿದರೆ ಅವರು ಹೇಳಿದ್ದು ಸರಿ. ಆದರೆ ಈ ಜನ ಅಲ್ಲಿಗೇ ನಿಲ್ಲಲಿಲ್ಲ. 2010ರ ಆಗಸ್ಟ್‌ನಲ್ಲಿ ಜನಮತ ತೆಗೆದುಕೊಂಡು ಹೊಸ ಸಂವಿಧಾನವನ್ನೇ ಬರೆದುಕೊಂಡರು. ಅದಕ್ಕೂ ಮುಂಚೆ ಎಲ್ಲ ಅಧಿಕಾರ ಅಧ್ಯಕ್ಷರ ಕೈಯಲ್ಲಿತ್ತು. ಈಗ 47 ಕೌಂಟಿಗಳಿವೆ, ಪ್ರತಿಯೊಂದಕ್ಕೂ ಜನರೇ ಆರಿಸಿದ ಗವರ್ನರ್. ರಾಷ್ಟ್ರದ ಆದಾಯದಲ್ಲಿ ಕನಿಷ್ಠ ಶೇ 15 ಕೌಂಟಿಗಳಿಗೆ ಹೋಗಲೇಬೇಕು ಅಂತ ಸಂವಿಧಾನದಲ್ಲೇ ಇದೆ. ನಮ್ಮ ಜಿಲ್ಲಾ ಪಂಚಾಯತಿಗಿಂತ ಇವಕ್ಕೆ ಕಸುವು ಜಾಸ್ತಿ. ಬಜೆಟ್ಟಿಗೆ, ಕಾನೂನಿಗೆ ಮುಂಚೆ ಜನರ ಮಾತು ಕೇಳಬೇಕು ಅನ್ನುವ ನಿಯಮವೂ ಇದೆ. ನಮ್ಮ ವಾರ್ಡಿನ ಅಂಥ ಒಂದು ಸಭೆಗೆ ನಾನೂ ಹೋಗಿದ್ದೆ. ಸೊಪ್ಪು ಮಾರುವ ಹೆಂಗಸೊಬ್ಬಳು ಎದ್ದು ನಿಂತು, "ಹೋದ ವರ್ಷ ಮಾರ್ಕೆಟ್ಟಿಗೆ ಶೌಚಾಲಯ ಅಂತ ಬರೆದಿದ್ದಿರಿ, ದುಡ್ಡು ಖರ್ಚಾಗಿದೆ ಅಂತಲೂ ಬರೆದಿದ್ದೀರಿ, ಶೌಚಾಲಯ ಎಲ್ಲಿದೆ?" ಅಂತ ಕೇಳಿದಳು. ಅಧಿಕಾರಿ ಕಾಗದ ತಿರುವಿದ, ಮತ್ತೆ ತಿರುವಿದ. ಅವಳು ಕೂರಲಿಲ್ಲ. ಶೌಚಾಲಯಕ್ಕೆ ಇನ್ನೂ ಬಹಳ ದಿನ ಹಿಡಿಯಿತು, ಅದು ಬೇರೆ ಮಾತು. 1988ರಲ್ಲಿ ಆ ಪ್ರಶ್ನೆ ಕೇಳಿದ್ದರೆ ಆಕೆ ಆ ರಾತ್ರಿ ಮನೆ ಸೇರುತ್ತಿದ್ದಳೋ ಇಲ್ಲವೋ.

ಮತ ಎಣಿಕೆಯ ಬಗ್ಗೆಯೂ ಹೇಳಲೇಬೇಕು. ನಾನು 2022ರ ಆಗಸ್ಟ್ 9ರಂದು ವೋಟು ಹಾಕಿದ್ದು ಒಂದು ಪ್ರೈಮರಿ ಸ್ಕೂಲಿನಲ್ಲಿ. ಬೆರಳಿಟ್ಟರೆ ಯಂತ್ರ ನಿಮ್ಮ ಗುರುತು ಹಿಡಿಯುತ್ತದೆ. ಆರು ಹುದ್ದೆಗೆ ಆರು ಚೀಟಿ, ಒಂದೊಂದಕ್ಕೂ ಬೇರೆ ಬಣ್ಣ. ಸಂಜೆ ಐದಕ್ಕೆ ಮತದಾನ ಮುಗಿದ ಮೇಲೆ ಪೆಟ್ಟಿಗೆಯನ್ನು ಎಲ್ಲಿಗೂ ಸಾಗಿಸುವುದಿಲ್ಲ. ಅದೇ ಕ್ಲಾಸ್‌ರೂಮಿನಲ್ಲಿ, ಮಕ್ಕಳ ಬೆಂಚಿನ ಮೇಲೆ ಸುರಿದು, ಒಂದೊಂದು ಚೀಟಿಯನ್ನೂ ಎತ್ತಿ ಎಲ್ಲ ಪಕ್ಷದ ಏಜೆಂಟರಿಗೆ ತೋರಿಸಿ ಎಣಿಸುತ್ತಾರೆ. ಕೊನೆಗೆ 34ಎ ಅನ್ನುವ ಫಾರಂ ತುಂಬಿ, ಸಹಿ ಹಾಕಿಸಿ, ಒಂದು ಪ್ರತಿಯನ್ನು ಬಾಗಿಲಿಗೆ ಅಂಟಿಸುತ್ತಾರೆ. ಆ ಸಲ 46,000ಕ್ಕೂ ಹೆಚ್ಚು ಮತಗಟ್ಟೆಗಳ ಫಾರಂಗಳನ್ನು ಚುನಾವಣಾ ಆಯೋಗದ ವೆಬ್‌ಸೈಟಿನಲ್ಲೇ ಹಾಕಿದ್ದರು. ಕಾಲೇಜು ಹುಡುಗರು ಮನೆಯಲ್ಲಿ ಕೂತು ತಾವೇ ಕೂಡಿಸಿ ನೋಡುತ್ತಿದ್ದರು. ನಾನೂ ನಮ್ಮ ಸ್ಕೂಲಿನ ಫಾರಂ ತೆಗೆದು ನೋಡಿದೆ. ಬಾಗಿಲಲ್ಲಿದ್ದ ಸಂಖ್ಯೆಯೇ ಅಲ್ಲೂ ಇತ್ತು.

ಈ ಏರ್ಪಾಟು ಬಿಗಿಯಾಗಲು 2017ರ ಪಾಠವೂ ಕಾರಣ. ಆ ಸಲ ಮತದಾನಕ್ಕೆ ಕೆಲವೇ ದಿನ ಮುಂಚೆ ಚುನಾವಣಾ ಆಯೋಗದ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಕ್ರಿಸ್ ಮ್ಸಾಂಡೊ ಕೊಲೆಯಾಗಿ ಸಿಕ್ಕರು. ಉಹುರು ಕೆನ್ಯಾಟಾ ಗೆದ್ದರು ಅಂತ ಘೋಷಣೆಯಾಯಿತು, ರೈಲಾ ಕೋರ್ಟಿಗೆ ಹೋದರು. ಸೆಪ್ಟೆಂಬರ್ 1ರಂದು ಮುಖ್ಯ ನ್ಯಾಯಮೂರ್ತಿ ಡೇವಿಡ್ ಮರಗಾ ಅವರ ಸುಪ್ರೀಂ ಕೋರ್ಟು ಆ ಚುನಾವಣೆಯನ್ನೇ ರದ್ದು ಮಾಡಿತು. ಅಧಿಕಾರದಲ್ಲಿದ್ದ ಅಧ್ಯಕ್ಷರ ಗೆಲುವನ್ನು ಕೋರ್ಟು ರದ್ದು ಮಾಡಿದ್ದು ಆಫ್ರಿಕಾದಲ್ಲಿ ಅದೇ ಮೊದಲು. ಆಫೀಸಿನಲ್ಲಿ ಎಲ್ಲರೂ ರೇಡಿಯೋ ಸುತ್ತ ನಿಂತಿದ್ದೆವು. ಉಹುರುಗೆ ವೋಟು ಹಾಕಿದವರೂ ಇದ್ದರು, ರೈಲಾಗೆ ಹಾಕಿದವರೂ ಇದ್ದರು. ಒಂದು ಕ್ಷಣ ಯಾರಿಗೂ ಮಾತೇ ಹೊರಡಲಿಲ್ಲ. ಕೋರ್ಟು ಹೀಗೂ ಮಾಡಬಹುದು ಅಂತ ಅಲ್ಲಿದ್ದ ಯಾರೂ ನಂಬಿರಲಿಲ್ಲ.

ಎಲ್ಲ ಸರಿಹೋಗಿದೆ ಅಂತ ನಾನು ಹೇಳುತ್ತಿಲ್ಲ. ಬುಡಕಟ್ಟಿನ ಲೆಕ್ಕಾಚಾರ ಇಂದಿಗೂ ಇದೆ. ಇಲ್ಲಿಯವರೆಗಿನ ಐದು ಅಧ್ಯಕ್ಷರಲ್ಲಿ ಮೂವರು ಕಿಕುಯು, ಇಬ್ಬರು ಕಲೆಂಜಿನ್. ಚುನಾವಣೆಯಲ್ಲಿ ದುಡ್ಡು ನೀರಿನಂತೆ ಹರಿಯುತ್ತದೆ. ಪೊಲೀಸರ ಕೈ ಬಲು ಬೇಗ ಬಂದೂಕಿಗೆ ಹೋಗುತ್ತದೆ. 2024ರ ಜೂನ್ 25ರಂದು ನೀವು ಟಿವಿಯಲ್ಲಿ ನೋಡಿದ್ದು ಅದೇ. ತೆರಿಗೆ ಮಸೂದೆ ಬಂದಾಗ ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು ಅದನ್ನು ಓದಿ, ಟಿಕ್‌ಟಾಕ್‌ನಲ್ಲಿ ತಮ್ಮ ತಮ್ಮ ಭಾಷೆಯಲ್ಲಿ ಬಿಡಿಸಿ ಹೇಳಿದರು. ನಮಗೆ ಬುಡಕಟ್ಟಿಲ್ಲ, ಪಕ್ಷವಿಲ್ಲ, ನಾಯಕರಿಲ್ಲ ಅಂತ ಬೀದಿಗಿಳಿದರು. ಆ ದಿನ ಗುಂಡಿಗೆ ಬಲಿಯಾದವರಲ್ಲಿ ಹೆಚ್ಚಿನವರು ನಿಮಗಿಂತ ಚಿಕ್ಕವರು. ಮರುದಿನ ಅಧ್ಯಕ್ಷ ವಿಲಿಯಂ ರೂಟೊ ಮಸೂದೆಗೆ ಸಹಿ ಹಾಕುವುದಿಲ್ಲ ಅಂದರು. ಆಮೇಲೂ ಪ್ರತಿಭಟನೆಗೆ ಹೋದವರನ್ನು ಮುಸುಕುಧಾರಿಗಳು ಎತ್ತಿಕೊಂಡು ಹೋದ ಸುದ್ದಿಗಳು ಬರುತ್ತಲೇ ಇದ್ದವು. ಅದನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ. ಆದರೆ ಆ ಮಕ್ಕಳು ಕಾಲೂರಿ ನಿಂತ ನೆಲ ಫ್ರೀಡಂ ಕಾರ್ನರಿನ ತಾಯಂದಿರು ಬಿಡಿಸಿಕೊಟ್ಟದ್ದು.

ನಮ್ಮವರ ಬಗ್ಗೆ ಎರಡು ಮಾತು. ಇಲ್ಲಿನ ಭಾರತೀಯರ ಡ್ರಾಯಿಂಗ್ ರೂಮುಗಳಲ್ಲಿ "ಈ ಜನಕ್ಕೆ ಒಬ್ಬ ಗಟ್ಟಿ ಮನುಷ್ಯ ಬೇಕು" ಅನ್ನುವ ಮಾತು ನಿಮ್ಮ ಕಿವಿಗೆ ಬೀಳುತ್ತದೆ. ದಯವಿಟ್ಟು ನೀವು ಹಾಗೆ ಹೇಳಬೇಡಿ. ಅಂಥ ಗಟ್ಟಿ ಮನುಷ್ಯ ಮೊಯಿ 24 ವರ್ಷ ಆಳಿದ್ದಾರೆ. 1982ರ ಆಗಸ್ಟ್‌ನಲ್ಲಿ ವಾಯುಸೇನೆಯ ಕೆಲವರು ದಂಗೆ ಎದ್ದಾಗ ಲೂಟಿಯಾದದ್ದು ನಮ್ಮವರ ಅಂಗಡಿ ಮನೆಗಳೇ. ಬಾಯಿ ಮುಚ್ಚಿಸಿದ ದೇಶದಲ್ಲಿ ವ್ಯಾಪಾರವೂ ಸುರಕ್ಷಿತವಲ್ಲ.

ಎಲ್ಲರೂ ಸುಮ್ನೆ ಕೂತವರೂ ಅಲ್ಲ. ಕಾರ್ಮಿಕ ನಾಯಕ ಮಖನ್ ಸಿಂಗ್ ಅವರನ್ನು ಬ್ರಿಟಿಷರು 11 ವರ್ಷ ಬಂಧನದಲ್ಲಿಟ್ಟಿದ್ದರು. ನೀವು ಧಾರವಾಡದವರಾದ್ದರಿಂದ ಪಿಯೋ ಗಾಮಾ ಪಿಂಟೋ ಹೆಸರು ಹೇಳಲೇಬೇಕು. ನೈರೋಬಿಯಲ್ಲಿ ಹುಟ್ಟಿದ ಗೋವಾ ಮೂಲದವರು, ಓದಿಗೆ ಭಾರತಕ್ಕೆ ಬಂದಿದ್ದಾಗ ನಿಮ್ಮೂರಿನ ಕರ್ನಾಟಕ ಕಾಲೇಜಿನಲ್ಲೂ ಕಲಿತವರು. ಕೀನ್ಯಾಗೆ ಮರಳಿ ಸ್ವಾತಂತ್ರ್ಯ ಹೋರಾಟಕ್ಕೆ ಇಳಿದರು, ಸೆರೆವಾಸ ಕಂಡರು, ಪಾರ್ಲಿಮೆಂಟ್ ಸದಸ್ಯರಾದರು. 1965ರ ಫೆಬ್ರವರಿ 24ರಂದು ಅವರ ಮನೆಯ ಗೇಟಿನ ಬಳಿ, ಪುಟ್ಟ ಮಗಳು ಕಾರಿನಲ್ಲಿರುವಾಗಲೇ ಗುಂಡಿಟ್ಟು ಕೊಂದರು. ಆಗ ಅವರಿಗೆ 37 ವರ್ಷ. ಸ್ವತಂತ್ರ ಕೀನ್ಯಾದ ಮೊದಲ ರಾಜಕೀಯ ಕೊಲೆ ಅದು. 2017ರಲ್ಲಿ ಸರ್ಕಾರ ಇಲ್ಲಿನ ಏಷ್ಯನ್ ಸಮುದಾಯವನ್ನು ದೇಶದ 44ನೇ ಬುಡಕಟ್ಟು ಅಂತ ಗುರುತಿಸಿತು. ಅಂಥವರು ತೆತ್ತ ಬೆಲೆಯ ಋಣ ಅದರಲ್ಲಿ ದೊಡ್ಡದು ಅಂತ ನಾನು ನಂಬಿದ್ದೇನೆ.

ರೈಲಾ ಈಗಿಲ್ಲ. 2025ರ ಅಕ್ಟೋಬರ್‌ನಲ್ಲಿ ಚಿಕಿತ್ಸೆಗೆ ಅಂತ ಕೇರಳಕ್ಕೆ ಹೋದವರು ಅಲ್ಲೇ ತೀರಿಕೊಂಡರು. ಮೊಯಿ ಕಾಲದಲ್ಲಿ ವರ್ಷಗಟ್ಟಲೆ ಸೆರೆಯಲ್ಲಿದ್ದವರು, ಐದು ಸಲ ಅಧ್ಯಕ್ಷ ಸ್ಥಾನಕ್ಕೆ ನಿಂತವರು. ಹಾಗಾಗಿ 2027 ಹೇಗಿರುತ್ತದೆ ಅಂತ ಹಳಬರಿಗೂ ಅಂದಾಜಿಲ್ಲ.

ಇನ್ನು ನಿಮ್ಮ ತಯಾರಿ. ಆಗಸ್ಟ್ ತಿಂಗಳ ಎರಡನೇ ಮಂಗಳವಾರ ಚುನಾವಣೆ ಅಂತ ಸಂವಿಧಾನದಲ್ಲಿದೆ, ಅಂದರೆ 2027ರ ಆಗಸ್ಟ್ 10. ಫಲಿತಾಂಶ ಘೋಷಣೆಗೆ ಏಳು ದಿನದ ಗಡುವು, ದೂರು ಕೊಡಲು ಮತ್ತೆ ಏಳು ದಿನ, ತೀರ್ಪಿಗೆ 14 ದಿನ. ಹೀಗಾಗಿ ಸೆಪ್ಟೆಂಬರ್ ಮೊದಲ ವಾರದವರೆಗೂ ಊರು ಉಸಿರು ಬಿಗಿಹಿಡಿದಿರುತ್ತದೆ. ಮಗಳಿಗೆ ಅಜ್ಜಿ ಮನೆ ತೋರಿಸಬೇಕು ಅಂದರೆ ಆ ದಿನಗಳಲ್ಲೇ ಊರಿಗೆ ಕಳಿಸಿ. ಇಲ್ಲೇ ಇದ್ದರೂ ತೊಂದರೆಯಿಲ್ಲ, ಎರಡು ವಾರದ ದಿನಸಿ, ಗ್ಯಾಸ್, ಔಷಧಿ ತಂದಿಟ್ಟುಕೊಳ್ಳಿ. ಆ ಹಳೆಯ ಪ್ರತಿಭಟನೆಗಳ ನೆನಪಿನ ದಿನಗಳಾದ ಜೂನ್ 25, ಜುಲೈ 7ರಂದು ಸಿಟಿ ಸೆಂಟರ್ ಕಡೆ ಹೋಗಬೇಡಿ. ಪರ್ಮಿಟ್ ಮೇಲಿರುವವರು ಮೆರವಣಿಗೆಗೆ ಇಳಿಯುವುದು ಬೇಡ, ಕೆಲಸಕ್ಕೂ ವೀಸಾಗೂ ಕುತ್ತು. ಆಫೀಸಿನಲ್ಲಿ ಯಾರನ್ನೂ "ನೀವು ಯಾವ ಟ್ರೈಬ್?" ಅಂತ ಕೇಳಬೇಡಿ. ರಾಜಕೀಯದ ಮಾತು ಅವರೇ ತೆಗೆದರೆ ಪೂರ್ತಿ ಕೇಳಿ.

ಫ್ಯಾಕ್ಟರಿಯವರು ಮನೆ ಕೊಡುತ್ತಾರಾ, ಇಲ್ಲ ನೀವೇ ಹುಡುಕಬೇಕಾ ಅಂತ ಬರೆದಿಲ್ಲ. ತಿಳಿಸಿ. ನಾವೇ ನೋಡಬೇಕು ಅಂದರೆ ಪಾರ್ಕ್‌ಲ್ಯಾಂಡ್ಸ್ ಕಡೆ ಬಾಡಿಗೆ ಮನೆಗಳನ್ನು ಈಗಿನಿಂದಲೇ ವಿಚಾರಿಸಿಡುತ್ತೇನೆ.